ಮೌನದ ಸುತ್ತು

ಪಿಟೀಲಿನ ಬಿರಡೆಯನ್ನು ಪೂರ್ತಿ ಹೊರಗೆಳೆದು, ಅದರ ಕತ್ತಿಗೆ ಸೀಮೆಸುಣ್ಣ ತಿಕ್ಕಿ, ಮತ್ತೆ ತೂತಿಗೆ ಒತ್ತಿ ತಿರುಗಿಸುವಾಗ ಪೆಲಿಸ್ವಾ ಉಸಿರು ಬಿಗಿಹಿಡಿಯುತ್ತಿದ್ದಳು. ತಂತಿ ನರಳುತ್ತ ಮೇಲೇರಿ ತನ್ನ ಜಾಗಕ್ಕೆ ಬಂದು ನಿಂತ ಮೇಲೆಯೇ ಬಿಡುತ್ತಿದ್ದಳು. ಇದು ನಿಂತಿತು. ಪಿಟೀಲನ್ನು ಎಡಗಡೆಯ ಸಾಲಿಗೆ ಸೇರಿಸಿ ಬಲಗಡೆಯ ಸಾಲಿನಿಂದ ಇನ್ನೊಂದನ್ನು ಎತ್ತಿಕೊಂಡಳು. ಬಲಗಡೆಯ ಸಾಲು ಕಡಿಮೆಯಾಗುತ್ತಲೇ ಇರಲಿಲ್ಲ.

ಬೆಟ್ಟಗಳ ಕಡೆಯಿಂದ ಬಿಸಿಗಾಳಿ ನಿನ್ನೆಯೇ ಬೀಸಲು ಶುರುವಾಗಿತ್ತು. ಸೆಪ್ಟೆಂಬರಿನಲ್ಲಿ ಈ ಗಾಳಿ ಬಂತೆಂದರೆ ತುಟಿ ಒಡೆಯುತ್ತದೆ, ಮರ ಒಣಗಿ ಬಿರಡೆಗಳೆಲ್ಲ ಜಾರುತ್ತವೆ. ಪಿಟೀಲು ಕಲಿಸುವವರ ಕೂಟವೂ ಪ್ರತಿವರ್ಷ ಸೆಪ್ಟೆಂಬರಿನಲ್ಲೇ. ಸುತ್ತಲಿನ ಊರುಗಳಿಂದ ಮೇಷ್ಟ್ರುಗಳು ತಾವು ಕಲಿಸುವ ಮಕ್ಕಳನ್ನು ಟ್ಯಾಕ್ಸಿ ವ್ಯಾನುಗಳಲ್ಲಿ ತುಂಬಿಕೊಂಡು ಮ್ಡಾಂಟ್ಸಾನೆಯ ಈ ಚರ್ಚಿನ ಸಭಾಂಗಣಕ್ಕೆ ಬರುತ್ತಾರೆ. ಬೆಳಗ್ಗೆ ಮಕ್ಕಳು ಒಬ್ಬೊಬ್ಬರಾಗಿ ನುಡಿಸುತ್ತಾರೆ, ಮಧ್ಯಾಹ್ನ ಮೇಷ್ಟ್ರುಗಳಲ್ಲಿ ಒಬ್ಬರು ಎಲ್ಲರೆದುರು ಪಾಠ ಮಾಡಿ ತೋರಿಸುತ್ತಾರೆ, ಸಂಜೆ ಹೆತ್ತವರ ಮುಂದೆ ಎಲ್ಲ ಮಕ್ಕಳೂ ಸೇರಿ ಕಛೇರಿ. ಇವೆಲ್ಲ ನಡೆಯುವುದು ದೊಡ್ಡ ಕೋಣೆಯಲ್ಲಿ. ಪೆಲಿಸ್ವಾ ಕೂತಿದ್ದುದು ಅದರ ಪಕ್ಕದ, ಟೀ ಕಾಯಿಸುವ ಚಿಕ್ಕ ಕೋಣೆಯಲ್ಲಿ. ಅಲ್ಲಿ ಕೂರಲು ಯಾರೂ ಹೇಳಿರಲಿಲ್ಲ. ಎಷ್ಟೋ ವರ್ಷದ ಕೆಳಗೆ ಒಂದು ಮಗುವಿನ ಬೇಸೂರು ಪಿಟೀಲನ್ನು ಕೇಳಲಾರದೆ ಕೈಚಾಚಿ ಈಸಿಕೊಂಡು ಶ್ರುತಿ ಮಾಡಿಕೊಟ್ಟಿದ್ದಳು. ಅದರ ಹಿಂದೆಯೇ ಇನ್ನೊಂದು ಬಂತು. ಈಗ ಮಕ್ಕಳು ಟ್ಯಾಕ್ಸಿ ಇಳಿದವರೇ ಚಪ್ಪಲಿ ಬಿಟ್ಟ ಹಾಗೆ ಪಿಟೀಲುಗಳನ್ನು ಅವಳ ಮೇಜಿನ ಮೇಲೆ ಬಿಟ್ಟು ಆಡಲು ಓಡುತ್ತಾರೆ.

ನೊಬಾಂಟು ಕರಿದ ಹಿಟ್ಟಿನ ಉಂಡೆಗಳ ತಟ್ಟೆ ಹಿಡಿದು ಬಂದಳು. ಅವಳೂ ಪಿಟೀಲು ಕಲಿಸುವವಳೇ, ಖೋಂಸೆಯ ಶಾಲೆಯಲ್ಲಿ. ಪೆಲಿಸ್ವಾಳಿಗೆ ಹಳೆಯ ಗೆಳತಿ, ಅಕ್ಕರೆಗೆ ಸಿಸಿ, ಅಂದರೆ ಅಕ್ಕ, ಎಂದೇ ಕರೆಯುವವಳು.

"ಬಿಸಿ ಇರುವಾಗ್ಲೇ ತಿನ್ನು ಸಿಸಿ. ಅಯ್ಯೋ, ಬೆರಳು ನೋಡು. ತಡಿ, ನಾನೇ ಬಾಯಿಗಿಡ್ತೀನಿ, ಇಲ್ದಿದ್ರೆ ಸೀಮೆಸುಣ್ಣಾನೇ ತಿಂತೀಯ."

"ಇದು ನಿನ್ನ ಮಕ್ಕಳದ್ದು," ಎಂದಳು ಪೆಲಿಸ್ವಾ, ಕೈಯಲ್ಲಿದ್ದ ಪಿಟೀಲನ್ನು ಎತ್ತಿ ತೋರಿಸಿ. "ನಾಕು ತಂತೀನೂ ಬಿದ್ದೋಗಿದೆ."

"ನನ್ ಮಕ್ಳು ನನ್ ಥರಾನೇ. ಯಾವಾಗ್ಲೂ ಸ್ವಲ್ಪ ಕೆಳಗೇ ಇರ್ತವೆ." ನೊಬಾಂಟು ಅವಳ ಬಾಯಿಗೆ ತುಂಡೊಂದನ್ನು ತುರುಕಿದಳು. "ಇವತ್ತು ಪಾಠ ನಿಂದಲ್ವಾ? ಬೆಳಗ್ಗೆ ಟಾಟಾ ಕೊಂಡ್ಲೊ ಮೈಕಿನಲ್ಲೇ ಹೇಳಿದ್ರು. ಕೊನೆಗೂ."

"ಮುಗಿದ್ಮೇಲೆ ಕೊನೆಗೂ ಅನ್ನು."

"ಥೂ, ನಿನ್ ಬಾಯಿ."

ಪೆಲಿಸ್ವಾ ನಗಲಿಲ್ಲ. ಅವಳು ಪ್ರತಿವರ್ಷವೂ ಕೇಳುತ್ತಿದ್ದಳು. ಕೂಟದ ಅಧ್ಯಕ್ಷ, ಎಲ್ಲರೂ ಗೌರವಕ್ಕೆ ಟಾಟಾ, ಅಂದರೆ ಅಪ್ಪ, ಎಂದು ಕರೆಯುವ ಕೊಂಡ್ಲೊ ಪ್ರತಿವರ್ಷವೂ, "ಖಂಡಿತ, ನಿಂದೇ," ಎನ್ನುತ್ತಿದ್ದರು. ಒಂದು ವರ್ಷ ಕೇಪ್‌ಟೌನಿನಿಂದ ಬಂದ ಅತಿಥಿ ಮಾತು ನಿಲ್ಲಿಸಲಿಲ್ಲ. ಒಂದು ವರ್ಷ ಪಕ್ಕದ ಬೀದಿಯಲ್ಲಿ ಸಾವಾಗಿ ಸಭಾಂಗಣವನ್ನು ಬೇಗ ಬಿಟ್ಟುಕೊಡಬೇಕಾಯಿತು. ಇನ್ನೊಂದು ವರ್ಷ ತಗಡಿನ ಮಾಡಿನ ಮೇಲೆ ಮಳೆ ಸುರಿದು ಯಾರಿಗೂ ಏನೂ ಕೇಳಿಸಲಿಲ್ಲ. ಈ ಸಲ ಮಳೆ ಇಲ್ಲ, ಅತಿಥಿ ಇಲ್ಲ, ಯಾರೂ ಸತ್ತಿಲ್ಲ. ಅವಳಲ್ಲಿ ಕಲಿಯುವ ಏಳು ಮಕ್ಕಳು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದರು.

ತೋರಿಸಬೇಕಾದದ್ದು ಒಂದು ಸಣ್ಣ ಸಂಗತಿ. ಇಲ್ಲಿ ಎಲ್ಲರೂ ಚರ್ಚಿನ ಹಾಡುಗಾರಿಕೆಯಲ್ಲಿ ಬೆಳೆದವರು. ಡೋ ರೇ ಮಿ ಎಂದು ಹಾಡುತ್ತ ರಾಗ ಕಲಿಯುವುದು ಅವರಿಗೆ ನಡಿಗೆಯಷ್ಟು ಸಹಜ. ಪೆಲಿಸ್ವಾ ಪಿಟೀಲನ್ನೂ ಹಾಗೆಯೇ ಕಲಿಸುತ್ತಿದ್ದಳು, ಕಾಗದವಿಲ್ಲದೆ. ಮೊದಲ ಸುತ್ತು ಮಕ್ಕಳು ಅವಳ ಜೊತೆ ಹಾಡುತ್ತಾರೆ. ಎರಡನೆಯ ಸುತ್ತು ತಾವೇ ಹಾಡುತ್ತ, ಎಡಗೈ ಬೆರಳುಗಳನ್ನು ಬಲಗೈಯ ಮುಂಗೈ ಮೇಲೆ, ಅದೇ ಪಿಟೀಲೆಂಬಂತೆ, ಒತ್ತುತ್ತಾರೆ. ಮೂರನೆಯ ಸುತ್ತಿನಲ್ಲಿ ಬಾಯಿ ಮುಚ್ಚಿರುತ್ತದೆ. ಹಾಡು ಒಳಗೇ ನಡೆಯುತ್ತದೆ, ಬೆರಳು ಮಾತ್ರ ಆಡುತ್ತದೆ. ಅದು ಮುಗಿದ ಮೇಲೆಯೇ ಕಮಾನು ಎತ್ತುವುದು.

ಮೂರನೆಯ ಸುತ್ತು ಅವಳಿಗೆ ಯಾವ ಪುಸ್ತಕದಿಂದಲೂ ಸಿಕ್ಕಿದ್ದಲ್ಲ. ಜ್ವೆಲಿಟ್ಶಾದ ಅವಳ ಎರಡು ಕೋಣೆಯ ಮನೆಯಲ್ಲಿ ಅತ್ತೆ ಕೊನೆಯ ಕಾಯಿಲೆಯಲ್ಲಿ ಮಲಗಿದ್ದಾಗ, ಪಕ್ಕದ ಕೋಣೆಯಲ್ಲಿ ಮಕ್ಕಳು ಸದ್ದು ಮಾಡುವಂತಿರಲಿಲ್ಲ. ಪಾಠ ನಿಲ್ಲಿಸಲು ಮನಸ್ಸಾಗದೆ, ಮನಸ್ಸಿನಲ್ಲೇ ಹಾಡಿಕೊಳ್ಳಿ ಎಂದಿದ್ದಳು. ಮರುದಿನ ಅಂಗಳದಲ್ಲಿ ಪಿಟೀಲು ಕೊಟ್ಟಾಗ ಆ ಮಕ್ಕಳು ಒಂದು ಬೆರಳೂ ತಪ್ಪದೆ ನುಡಿಸಿದರು. ಬೆರಳಿಗಿಂತ ಹೆಚ್ಚಾಗಿ, ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತ ನುಡಿಸಿದರು. ಅಂದು ಅವಳಿಗೆ ಮೈ ನವಿರೆದ್ದಿತ್ತು. ಅದನ್ನು ಯಾರಿಗಾದರೂ ಹೇಳಬೇಕೆನ್ನಿಸಿತ್ತು. ಹೇಳಿದರೆ ತಿಳಿಯುವಂಥದ್ದಲ್ಲ, ತೋರಿಸಬೇಕು. ಗಂಡನಿಗೆ ಹೇಳಿದಾಗ ಅವನು, "ಮಕ್ಕಳು ಸುಮ್ನಿದ್ರೆ ಒಳ್ಳೇದೇ ಅಲ್ವಾ," ಎಂದಿದ್ದ.

ಊಟಕ್ಕೆ ಮೆಕ್ಕೆಜೋಳದ ನುಚ್ಚೂ ಕಾಳೂ ಬೆಂದ ದೊಡ್ಡ ಪಾತ್ರೆ ಇಳಿಸುವ ಹೊತ್ತಿಗೆ ಬಲಗಡೆಯ ಸಾಲು ಖಾಲಿಯಾಗಿತ್ತು. ಪೆಲಿಸ್ವಾ ಕೈ ತೊಳೆದುಕೊಂಡು, ತಲೆವಸ್ತ್ರವನ್ನು ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತಿದ್ದಾಗ ಫ್ಯಾನು ನಿಧಾನವಾಗಿ ನಿಂತಿತು. ದೊಡ್ಡ ಕೋಣೆಯಿಂದ ನಿಟ್ಟುಸಿರಿನಂಥ ಒಂದು ಸದ್ದು ಕೇಳಿಸಿತು. ಲೋಡ್ ಶೆಡ್ಡಿಂಗ್.

ಅವಳು ತಲೆವಸ್ತ್ರದ ಗಂಟನ್ನು ಅರ್ಧಕ್ಕೇ ಬಿಟ್ಟು ನಿಂತಳು. ಕರೆಂಟು ಹೋದರೆ ಪಿಟೀಲುಗಳ ಜೊತೆ ನುಡಿಸುವ ಕೀಬೋರ್ಡು ಸತ್ತ ಹಾಗೆ. ಕೀಬೋರ್ಡು ಇಲ್ಲದಿದ್ದರೆ ಸಂಜೆಯ ಕಛೇರಿಗೆ ಗೋಡೆಗೆ ತಗುಲಿ ನಿಂತ ಚರ್ಚಿನ ಹಳೇ ಪಿಯಾನೋವೇ ಗತಿ. ಆ ಪಿಯಾನೋ ಇಳಿಯುತ್ತ ಇಳಿಯುತ್ತ ಈಗ ಅರ್ಧ ಸ್ವರಕ್ಕೂ ಸ್ವಲ್ಪ ಕೆಳಗೆ ಹೋಗಿತ್ತು. ಬೆಳಗ್ಗೆಯಿಂದ ಅವಳು ಏರಿಸಿಟ್ಟ ಪಿಟೀಲುಗಳೆಲ್ಲ ಕೀಬೋರ್ಡಿಗೆ ಸರಿಯಾಗಿದ್ದವು.

ಟಾಟಾ ಕೊಂಡ್ಲೊ ಕರವಸ್ತ್ರದಿಂದ ಹಣೆ ಒರೆಸುತ್ತ ಬಾಗಿಲಲ್ಲಿ ಕಾಣಿಸಿಕೊಂಡರು. ಪ್ರಾಥಮಿಕ ಶಾಲೆಯ ನಿವೃತ್ತ ಹೆಡ್‌ಮೇಷ್ಟ್ರು. ದನಿ ಯಾವಾಗಲೂ ಮೃದು.

"ಮಾಭೇಲೆ," ಎಂದರು. ಅದು ಅವಳ ತವರಿನ ಕುಲದ ಹೆಸರು. ಮರ್ಯಾದೆಗೆ ಹಾಗೆ ಕರೆಯುವುದು. ಕೆಲಸವಿದ್ದಾಗಲೂ ಹಾಗೇ ಕರೆಯುವುದು. "ನೋಡಿದ್ಯಾ, ಈಗ್ಲೇ ಹೋಗ್ಬೇಕಾ ಇದು?"

"ನೋಡ್ದೆ ಟಾಟಾ."

"ಪಿಯಾನೋಗೆ ಇಳಿಸ್ಬೇಕಲ್ಲಮ್ಮ ಎಲ್ಲಾನೂ."

"ನನ್ನ ಪಾಠ ಈಗ."

"ಗೊತ್ತಮ್ಮ, ಗೊತ್ತು. ಪಾಠ ಎಲ್ಲಿಗೂ ಹೋಗಲ್ಲ. ಇದೊಂದು ಆದ್ರೆ ನಿಶ್ಚಿಂತೆ. ಏರ್ಸೋದು ಕಷ್ಟ, ಇಳ್ಸೋದಕ್ಕೆ ಏನು?"

"ಪಾಠ ಆದ್ಮೇಲೆ ಇಳಿಸ್ತೀನಿ."

"ಆರು ಗಂಟೆಗೆ ಟ್ಯಾಕ್ಸಿಗಳು ಹೊರಡ್ತವೆ. ಪಾಠ ಮುಗಿದ ತಕ್ಷಣ ಕಛೇರಿ. ನೀನೇ ಹೇಳು, ನಾನೇನ್ ಮಾಡ್ಲಿ?"

"ಅವರವರ ಮಕ್ಕಳದ್ದು ಅವರವರೇ ಇಳಿಸ್ಕೊಳ್ಲಿ. ಎಲ್ರೂ ಮೇಷ್ಟ್ರುಗಳೇ ಅಲ್ವಾ?"

ಟಾಟಾ ಕೊಂಡ್ಲೊ ಇದು ಹೊಸ ವಿಷಯವೆಂಬಂತೆ ಅವಳನ್ನು ನೋಡಿದರು. "ಕೇಳ್ನೋಡು," ಎಂದರು.

ಅವಳು ಹೋಗಿ ಕೇಳಿದಳು. ಊಟದ ತಟ್ಟೆ ಹಿಡಿದು ಕೂತವರ ಮಧ್ಯೆ ನಿಂತು ಹೇಳಿದಳು. ಯಾರೂ ಇಲ್ಲ ಎನ್ನಲಿಲ್ಲ. ಇಲ್ಲ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು.

"ಮಾಭೇಲೆ, ನಾನು ಬಿರಡೆ ಮುಟ್ಟಿದ್ರೆ ತಂತಿ ತಾನಾಗೇ ಹರಿಯುತ್ತೆ. ನನ್ ಹೆಂಡ್ತೀನ ಬೇಕಾದ್ರೆ ಕೇಳಿ," ಎಂದರು ಒಬ್ಬರು ಚಮಚ ಎತ್ತಿ.

"ಆ ಪಿಯಾನೋ ಏನ್ ಹೇಳುತ್ತೆ ಅಂತ ತಿಳಿಯೋದು ನಿಮಗೊಬ್ರಿಗೇ," ಎಂದಳು ಇನ್ನೊಬ್ಬಳು. "ನಾವು ಒಬ್ಬೊಬ್ರು ಒಂದೊಂದು ಥರ ಇಳಿಸಿಟ್ರೆ ಸಂಜೆ ಬೆಕ್ಕುಗಳ ಮದುವೆ ಆಗುತ್ತೆ."

ಎಲ್ಲರೂ ನಕ್ಕರು. ಪ್ರೀತಿಯಿಂದಲೇ ನಕ್ಕರು. ನೊಬಾಂಟು ಮಾತ್ರ ತಟ್ಟೆ ಕೆಳಗಿಟ್ಟು, "ನಂದು ನಾನ್ ನೋಡ್ಕೋತೀನಿ," ಎಂದು ಎದ್ದಳು. ಅವಳ ಕಿವಿ ಎಂಥದ್ದೆಂದು ಪೆಲಿಸ್ವಾಳಿಗೆ ಗೊತ್ತಿತ್ತು. ಕೂತ್ಕೋ ಎಂದು ಕಣ್ಣಲ್ಲೇ ಹೇಳಿದಳು.

ಅಷ್ಟರಲ್ಲಿ ಅಯಾಬುಲೇಲಾ ಚಿಕ್ಕ ಕೋಣೆಗೆ ಬಂದ. ಏಳು ವರ್ಷದವನಿದ್ದಾಗ ಅವಳ ಅಂಗಳದಲ್ಲಿ ಪಿಟೀಲು ಹಿಡಿಯಲು ಕಲಿತ ಹುಡುಗ. ಕೇಪ್‌ಟೌನಿನಲ್ಲಿ ಓದಿ ಬಂದು ಈಗ ತಾನೂ ಮೇಷ್ಟ್ರು. ಉದ್ದ ಬೆರಳು, ಚೆಂದದ ನಗು.

"ಮಿಸ್, ನೀವು ಪಾಠಕ್ಕೆ ಹೋಗಿ. ನಾನು ಇಳಿಸ್ತೀನಿ."

ಅವಳ ಕಣ್ಣು ತುಂಬಿ ಬಂತು. ಅವನ ತೋಳು ಹಿಡಿದು ಒಂದು ಸಲ ಅಲುಗಿಸಿ, ಒಂದು ಪಿಟೀಲನ್ನು ಕೊಟ್ಟಳು. ಅವನು ಫೋನು ತೆಗೆದು ಮೇಜಿನ ಮೇಲಿಟ್ಟ. ಅದರಲ್ಲಿ ಶ್ರುತಿ ತೋರಿಸುವ ಮುಳ್ಳೊಂದಿತ್ತು. ತಂತಿ ಮೀಟಿದ. ಮುಳ್ಳು ಅತ್ತ ಇತ್ತ ಓಲಾಡಿತು. ಪಿಯಾನೋ ನಿಂತದ್ದು ಮುಳ್ಳಿಗೆ ಗೊತ್ತಿರುವ ಯಾವ ಸ್ವರದ ಮೇಲೂ ಅಲ್ಲ, ಎರಡು ಸ್ವರಗಳ ನಡುವಿನ ಸಂದಿಯಲ್ಲಿ. ಅವನು ಇಳಿಸಿದ, ಹೆಚ್ಚಾಯಿತೆಂದು ಏರಿಸಿದ, ಮತ್ತೆ ಇಳಿಸಿದ, ಇನ್ನೊಮ್ಮೆ ಏರಿಸಿದ. ತೆಳ್ಳನೆಯ ತಂತಿ ಟಣ್ಣೆಂದು ಹರಿದು ಅವನ ಕೆನ್ನೆಗೆ ಬಡಿಯಿತು.

"ಕೊಡು ಇಲ್ಲಿ," ಎಂದಳು ಪೆಲಿಸ್ವಾ.

ಹೇಳಿ ಮುಗಿಸುವ ಮೊದಲೇ ಪಿಟೀಲು ಅವಳ ಕೈಯಲ್ಲಿತ್ತು. ಯಾರೂ ಒತ್ತಾಯ ಮಾಡಿರಲಿಲ್ಲ.

"ಸಾರಿ ಮಿಸ್." ಅವನು ಕೆನ್ನೆ ಉಜ್ಜಿಕೊಳ್ಳುತ್ತ ಬಾಗಿಲಾಚೆ ನೋಡಿದ. "ಮಕ್ಕಳು ಎದ್ದು ನಿಂತುಬಿಟ್ಟಿದಾರೆ. ಹೊತ್ತು ಹಾಳಾಗ್ಬಾರ್ದಲ್ವಾ, ನೀವು ಬರೋವರೆಗೂ ನಾನು ಪಾಠ ನಡೆಸ್ತಿರ್ಲಾ? ನೀವು ಹೇಳ್ಕೊಟ್ಟ ಹಾಗೇ ಮಾಡ್ತೀನಿ."

ಅವಳ ಬಾಯಲ್ಲಿ ಹೊಸ ತಂತಿಯ ತುದಿ ಇತ್ತು. ತಲೆಯಾಡಿಸಿದಳು. ಆಮೇಲೆ ತಂತಿ ತೆಗೆದು, "ಹಾಡಿಸ್ತಿರು. ಬಂದೇಬಿಟ್ಟೆ," ಎಂದಳು.

ಒಂದು ಪಿಟೀಲನ್ನು ಒಯ್ದು ಪಿಯಾನೋಗೆ ಹೊಂದಿಸಿ ತಂದು ಮಾದರಿಗೆ ಮುಂದಿಟ್ಟುಕೊಂಡಳು. ಅದರ ಪ್ರಕಾರ ಒಂದೊಂದನ್ನೇ ಇಳಿಸತೊಡಗಿದಳು. ಬೇಗ ಬೇಗ, ತಲೆಯೆತ್ತದೆ. ಎರಡು ಮೂರು ಆದದ್ದೇ ಗೋಡೆಯಾಚೆಯಿಂದ ಅವಳ ಮಕ್ಕಳ ಹಾಡು ಕೇಳಿಸಿತು. ಡೋ, ರೇ, ಮಿ. ಅವರಲ್ಲೊಬ್ಬಳಾದ ಲಿಯೆಮಾಳ ಸ್ವಲ್ಪ ಗೊಗ್ಗರು ದನಿ ಎಲ್ಲಕ್ಕಿಂತ ಕೆಳಗೆ. ಪೆಲಿಸ್ವಾಳ ಕೈ ನಿಂತಿತು. ಮಕ್ಕಳು ಸರಿಯಾದ ಶ್ರುತಿಯಲ್ಲಿ ಹಾಡುತ್ತಿದ್ದರು. ಅವಳ ಕೈಯಲ್ಲಿದ್ದ ತಂತಿ ಆ ಪಿಯಾನೋದ ಬಿದ್ದುಹೋದ ಶ್ರುತಿಯಲ್ಲಿತ್ತು. ಎರಡೂ ಒಂದೇ ಕಿವಿಯಲ್ಲಿ ಇರಲಾರವು. ಹಾಡು ಕೇಳಿದರೆ ಪಿಟೀಲು ತಪ್ಪುತ್ತದೆ. ಇಷ್ಟು ವರ್ಷ ಕೇಳಿ ಕೇಳಿ ಪಡೆದ ಪಾಠ ನಡೆಯುತ್ತಿರುವಾಗ, ಅದೇ ತನಗೆ ಅಡ್ಡಿಯಾಗಿ, ಅದನ್ನು ಕೇಳಿಸಿಕೊಳ್ಳದಿರಲು ಹಲ್ಲು ಕಚ್ಚಿ ಕೂರಬೇಕಾಗಿತ್ತು. ಎದ್ದು ಬಾಗಿಲು ಹಾಕಿದಳು. ಗಾಳಿ ಅದನ್ನು ಮತ್ತೆ ತೆರೆಯಿತು. ಕುರ್ಚಿ ಒತ್ತಿಟ್ಟಳು.

ಎರಡನೆಯ ಸುತ್ತು. ಮಕ್ಕಳ ದನಿ ಗಟ್ಟಿಯಾಯಿತು. ಅವಳ ಎಡಗೈ ಬೆರಳುಗಳು ತಾವಾಗಿಯೇ ಪಿಟೀಲಿನ ಕತ್ತಿನ ಮೇಲೆ ಆಡಿದವು.

ಹಾಡು ನಿಂತಿತು. ಈಗ ಮೌನ ಬರಬೇಕು. ಅವಳು ಉಸಿರು ಬಿಗಿಹಿಡಿದಳು.

ಬಂದದ್ದು ಕಮಾನುಗಳ ಸದ್ದು. ಪಿಟೀಲುಗಳು ಒಟ್ಟಿಗೆ ಶುರುವಾದವು, ಜೋರಾಗಿ, ಸರಿಸುಮಾರಾಗಿ. ರಾಗ ಮುಗಿದು ಚಪ್ಪಾಳೆ ಶುರುವಾಗುವ ಹೊತ್ತಿಗೆ ಒಂದೇ ಒಂದು ಪಿಟೀಲು, ತೀರಾ ಮೊದಲಿನಿಂದ, ಒಂಟಿಯಾಗಿ ಆರಂಭಿಸಿತು. ಎರಡು ಸ್ವರ, ಮೂರು ಸ್ವರ. ಒಳಗೆ ನಗು. ಆ ಪಿಟೀಲು ನಿಂತಿತು. "ಕೆಲವು ಮಕ್ಕಳಿಗೆ ಸ್ವಲ್ಪ ಜಾಸ್ತಿ ಸಮಯ ಬೇಕು, ಪರ್ವಾಗಿಲ್ಲ," ಎಂದು ಅಯಾಬುಲೇಲಾ ಮಮತೆಯಿಂದ ಹೇಳಿದ್ದು ಕೇಳಿಸಿತು. ಹೆಂಗಸರು ನಾಲಿಗೆ ಹೊರಳಿಸಿ ಉಲುಲು ಎಂದು ಕೂಗಿ ಸಂತೋಷ ತೋರಿಸಿದರು.

ಪೆಲಿಸ್ವಾ ಕೈಯಲ್ಲಿದ್ದ ಪಿಟೀಲನ್ನು ಇಳಿಸಿ ಮುಗಿಸಿದಳು. ಸರಿಯಾಗಿಯೇ ಇಳಿಸಿದಳು.

ಅಯಾಬುಲೇಲಾ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದಾಗ ಅವನ ಮುಖ ಬೆಳಗುತ್ತಿತ್ತು. "ಮಿಸ್, ಎಷ್ಟು ಚೆನ್ನಾಗಾಯ್ತು ಗೊತ್ತಾ? ನಮ್ಮ ಮಿಸ್ ಹೀಗೇ ಕಲಿಸೋದು ಅಂತ ಮೊದಲೇ ಹೇಳ್ಬಿಟ್ಟೆ."

"ಮೂರನೇ ಸುತ್ತು ಯಾಕೆ ಬಿಟ್ಟೆ?"

"ಯಾವ್ದು? ಓ, ಸುಮ್ನಿರೋದಾ?" ಅವನು ತಲೆ ಕೆರೆದುಕೊಂಡ. "ಅಷ್ಟು ಜನ ನೋಡ್ತಾ ಕೂತಿರೋವಾಗ... ಏನೂ ನಡೀತಿಲ್ಲ ಅನ್ಕೋತಾರೆ ಮಿಸ್."

"ನೀನು ಕಲೀವಾಗ? ನಿನಗೂ ಏನೂ ನಡೀತಿಲ್ಲ ಅನ್ನಿಸ್ತಿತ್ತಾ?"

"ನಿಜ ಹೇಳ್ಲಾ?" ಅವನು ನಕ್ಕ. "ಬೆರಳು ಆಡಿಸ್ತಾ ಇವತ್ತು ನಿಮ್ಮನೇಲಿ ತಿನ್ನಕ್ಕೆ ಏನ್ ಕೊಡ್ತೀರಾ ಅಂತ ಯೋಚಿಸ್ತಿದ್ದೆ."

ಅವಳೂ ನಗಬೇಕೆಂದುಕೊಂಡಳು. ಬಾಯಿ ನಗುವಿನ ಆಕಾರಕ್ಕೆ ಬಂತು, ಅಷ್ಟೆ. ಅವನ ಮೇಲೆ ಕೋಪ ಮಾಡಿಕೊಳ್ಳಲು ಏನಾದರೂ ಸಿಕ್ಕೀತೇ ಎಂದು ಹುಡುಕಿದಳು. ಅವನು ಹೆಸರು ಕದ್ದಿರಲಿಲ್ಲ, ಪಾಠ ಕದ್ದಿರಲಿಲ್ಲ, ಕೇಳಿಯೇ ತೆಗೆದುಕೊಂಡಿದ್ದ. ಅವಳ ಜೀವ ಇದ್ದದ್ದು ಯಾವ ತುಂಡಿನಲ್ಲೋ ಅದೊಂದನ್ನು ಅಗತ್ಯವಿಲ್ಲವೆಂದು ಪಕ್ಕಕ್ಕಿಟ್ಟಿದ್ದ. ಸಾರಿನಲ್ಲಿ ಉಪ್ಪು ಬಿಟ್ಟು ಬಡಿಸಿದವನನ್ನು ಬೈಯಬಹುದು. ಉಂಡವರೆಲ್ಲ ಬೆರಳು ಚೀಪುತ್ತಿರುವಾಗ ಯಾರನ್ನು ಬೈಯುವುದು?

ಪಾಠಕ್ಕೆ ಬಳಸಿದ್ದ ಏಳು ಪಿಟೀಲುಗಳನ್ನೂ ಕೊನೆಗೆ ಇಳಿಸಿಕೊಟ್ಟಳು. ಕಛೇರಿ ಚೆನ್ನಾಗಿಯೇ ಆಯಿತು. ಹಳೇ ಪಿಯಾನೋಗೆ ಎಲ್ಲ ಪಿಟೀಲುಗಳೂ ಒಂದೇ ದಾರದಲ್ಲಿ ಕಟ್ಟಿದ ಹಾಗೆ ಕೂಡಿಕೊಂಡವು. ಕೊನೆಯಲ್ಲಿ ಟಾಟಾ ಕೊಂಡ್ಲೊ ಎದ್ದು ನಿಂತರು.

"ನಮ್ ಹುಡುಗ ಅಯಾಬುಲೇಲಾ ಇವತ್ತು ಕಣ್ಣು ತೆರೆಸ್ಬಿಟ್ಟ. ಈಸ್ಟರ್ ರಜೇಲಿ ಎಲ್ಲ ಮೇಷ್ಟ್ರುಗಳಿಗೂ ಇದೇ ಪದ್ಧತೀಲಿ ಎರಡು ದಿನ ತರಬೇತಿ ಕೊಡ್ತಾನೆ. ಮಾಭೇಲೆ ಪಕ್ಕದಲ್ಲಿ ಇದ್ದೇ ಇರ್ತಾಳೆ. ಅವಳು ನಮ್ ಬೆನ್ನುಮೂಳೆ. ಏನಂತೀಯ ಮಾಭೇಲೆ?"

ಎಲ್ಲರೂ ಬಾಗಿಲ ಕಡೆ ತಿರುಗಿದರು. ಅವಳು ಎಂದಿನಂತೆ ಅಲ್ಲೇ ನಿಂತಿದ್ದಳು, ಯಾರದಾದರೂ ತಂತಿ ಹರಿದರೆ ಬದಲಿಗೆ ಕೊಡಲು ಇನ್ನೊಂದು ಪಿಟೀಲು ಹಿಡಿದು.

"ಬರ್ತೀನಿ ಟಾಟಾ," ಎಂದಳು. ಹೆಂಗಸರು ಅವಳಿಗೂ ಉಲುಲು ಕೂಗಿದರು.

ಟ್ಯಾಕ್ಸಿ ಹೆದ್ದಾರಿಗೆ ಏರುವವರೆಗೂ ಮಕ್ಕಳು ಗಲಾಟೆ ಮಾಡುತ್ತಿದ್ದರು. ಖೋಂಸೆ ಅದೇ ದಾರಿಯಾದ್ದರಿಂದ ನೊಬಾಂಟು ತನ್ನ ಮಕ್ಕಳೊಡನೆ ಇದರಲ್ಲೇ ತೂರಿಕೊಂಡಿದ್ದಳು. ಲಿಯೆಮಾ ಪೆಲಿಸ್ವಾಳ ಪಕ್ಕದಲ್ಲಿ ಪಿಟೀಲಿನ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಹನ್ನೆರಡು ವರ್ಷದ ಹುಡುಗಿ. ಅಳು ಬಂದರೆ ಮೂಗು ಮಾತ್ರ ಕೆಂಪಾಗುತ್ತದೆ.

"ಮಿಸ್, ಎಲ್ರೂ ನಕ್ಕರು."

"ಕೇಳಿಸ್ತು."

"ನಾನು ಒಳಗೆ ಹಾಡ್ತಿದ್ದೆ. ಅಯಾಬುಲೇಲಾ ಅಣ್ಣ ಒಂದು ಎರಡು ಅಂದಾಗ ಶುರು ಮಾಡಿ ಅಂತಿದಾರೆ ಅಂತ ಗೊತ್ತಾಯ್ತು. ಆದ್ರೆ ನಂದು ಅರ್ಧ ಆಗಿತ್ತು. ಮಧ್ಯದಲ್ಲಿ ಹೆಂಗೆ ಬಿಡೋದು?"

ಪೆಲಿಸ್ವಾ ಹುಡುಗಿಯ ಮಡಿಲಿಂದ ಜಾರುತ್ತಿದ್ದ ಪೆಟ್ಟಿಗೆಯನ್ನು ಹಿಡಿದು ಸರಿಮಾಡಿದಳು.

"ಈಸ್ಟರ್‌ಗೆ ನಾನು ಬರಲ್ಲ," ಎಂದಳು ಹುಡುಗಿ. "ನಾನು ನಿಧಾನ ಅಂತೆ."

"ಯಾರಂದ್ರು ನಿಧಾನ ಅಂತ?"

"ಎಲ್ರೂ ಮಿಸ್. ಪ್ರೀತಿಯಿಂದ ಅಂದ್ರು."

ಹಿಂದಿನ ಸೀಟಿನಿಂದ ನೊಬಾಂಟು ಮುಂದಕ್ಕೆ ಬಾಗಿದಳು. "ನೀನು ಟಾಟಾ ಕೊಂಡ್ಲೊಗೆ ಫೋನ್ ಮಾಡು ಸಿಸಿ. ನಾಳೇನೇ ಮಾಡು. ಈಸ್ಟರ್‌ಗೆ ಮೊದಲನೇ ದಿನ ನಂಗೇ ಕೊಡಿ ಅಂತ ಈಗ್ಲೇ ಕೇಳ್ಬಿಡು. ಕೇಳಿದ್ರೆ ಇಲ್ಲ ಅನ್ನಲ್ಲ ಆತ."

ಕೇಳಿದರೆ ಇಲ್ಲ ಅನ್ನುವುದಿಲ್ಲ. ಅದು ನಿಜ. ಎಂದೂ ಇಲ್ಲ ಎಂದಿರಲಿಲ್ಲ. ಪೆಲಿಸ್ವಾ ಆ ಮಾತನ್ನು ಒಳಗೇ ಒಂದೆರಡು ಸಲ ತಿರುವಿ ನೋಡಿದಳು. ಕೇಳುವುದೆಂದರೆ ಅವರಿಂದ ಇನ್ನೊಂದು 'ಖಂಡಿತ' ಪಡೆದು ವರ್ಷವಿಡೀ ಅದನ್ನು ಕಾಯುವುದು. ಕಾಯುವವಳು ಸುಮ್ಮನೆ ಕೂರಲಾರದೆ ಬಿರಡೆ ತಿರುಗಿಸುತ್ತ ಕೂರುವುದು. ಟಾಟಾ ಕೊಂಡ್ಲೊ ಅವಳನ್ನು ಆ ಚಿಕ್ಕ ಕೋಣೆಗೆ ಕಳಿಸಿದ್ದಲ್ಲ. ಕಿವಿಗೆ ನೋವಾದಾಗಲೆಲ್ಲ ಚಾಚುವ ತನ್ನದೇ ಕೈ ಕರೆದುಕೊಂಡು ಹೋದದ್ದು.

ಈಸ್ಟರ್‌ಗೆ ಹೋಗುವುದು ಎಂದುಕೊಂಡಳು. ಯಾರೂ ಬರುವ ಮೊದಲೇ, ಈ ಏಳೂ ಮಕ್ಕಳನ್ನು ಕರೆದುಕೊಂಡು, ನೇರವಾಗಿ ದೊಡ್ಡ ಕೋಣೆಗೆ. ಮಕ್ಕಳನ್ನು ಅರ್ಧಚಂದ್ರವಾಗಿ ನಿಲ್ಲಿಸಿ, ಎದುರಿಗೆ ತಾನು. ಜನ ಬರತೊಡಗಿದಾಗ ಪಾಠ ನಡೆಯುತ್ತಿರಬೇಕು. ಯಾರದೇ ಪಿಟೀಲು ಬೇಸೂರಾಗಿ ಕಿರುಚಿದರೂ ಕೈ ಚಾಚುವುದಿಲ್ಲ. ಕಿರುಚಲಿ. ಅದನ್ನು ಕೇಳುತ್ತ ನಿಂತಿರುವುದು ಕಷ್ಟ, ಆದರೂ ನಿಂತಿರುವುದು. ಮೂರನೆಯ ಸುತ್ತು ಬಂದಾಗ ಆ ತುಂಬಿದ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡು, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಏನೂ ನಡೆಯುತ್ತಿಲ್ಲ ಎಂದುಕೊಳ್ಳುವವರು ಎಂದುಕೊಳ್ಳಲಿ. ಯಾರನ್ನೂ ಕೇಳುವುದಿಲ್ಲ.

"ಏನ್ ಯೋಚ್ನೆ ಮಾಡ್ತಿದೀಯ?" ನೊಬಾಂಟು ಅವಳ ಭುಜ ತಟ್ಟಿದಳು. "ಫೋನ್ ಮಾಡ್ತೀಯ ತಾನೇ?"

"ಮನೇಲಿ ಗ್ಯಾಸ್ ಖಾಲಿಯಾಗಿದೆ," ಎಂದಳು ಪೆಲಿಸ್ವಾ. "ಅಂಗಡಿ ಮುಚ್ಚೋದ್ರೊಳಗೆ ಹೋಗ್ಬೇಕು."